ಎಮ್ಮೆಗೆ ಹೋಗುತ್ತಿದ್ದ ತೌಡು

ಅಪ್ಪನಿಗೆ ಅನ್ನ ಬಿಡಿಸಿದವಳು ನಾನೇ. ಎರಡು ವರ್ಷದ ಹಿಂದೆ ಆಫೀಸ್ ಕ್ಯಾಬ್‌ನಲ್ಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಧಾರವಾಡಕ್ಕೆ ಫೋನ್ ಮಾಡಿ, "ಅಪ್ಪಾ, ಶುಗರ್ ಇದ್ದವ್ರಿಗೆ ಅನ್ನ ಅಂದ್ರ ವಿಷ ಇದ್ದಂಗ. ಬಿಟ್ಟುಬಿಡ್ರಿ. ಚಪಾತಿ ಎಷ್ಟ ಬೇಕಾದ್ರೂ ತಿನ್ರಿ" ಅಂದಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ್ದನ್ನು ಓದಿ ಬಂದ ಜ್ಞಾನ ಅದು. ಮೂವತ್ತು ವರ್ಷ ಸಾಲಿ ಮಾಸ್ತರಾಗಿದ್ದ ಅಪ್ಪ ಯಾರ ಮಾತನ್ನೂ ಸುಲಭಕ್ಕೆ ಕೇಳುವವರಲ್ಲ. ಮಗಳ ಮಾತನ್ನು ಮಾತ್ರ ಅವತ್ತು ರಾತ್ರಿಯಿಂದಲೇ ಕೇಳಿಬಿಟ್ಟರು.

ಆರು ತಿಂಗಳಾದ ಮೇಲೆ ರಿಪೋರ್ಟ್ ಬಂತು. ಎಚ್‌ಬಿಎ1ಸಿ, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ, 7.4 ಇದ್ದದ್ದು 8.3 ಆಗಿತ್ತು. ಅಪ್ಪ ಬೈಯಲಿಲ್ಲ. "ಒಂದ ಅಗಳ ಅನ್ನ ಮುಟ್ಟಿಲ್ಲ ನೋಡವಾ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಆ ಶನಿವಾರವೇ ಊರಿಗೆ ಹೋಗಿ ಅಪ್ಪನನ್ನು ಡಯಟಿಷಿಯನ್ ಹತ್ತಿರ ಕರೆದುಕೊಂಡು ಹೋದೆ. ಆಕೆ ನನಗಿಂತ ಚಿಕ್ಕ ವಯಸ್ಸಿನವರು. ಕೇಳಿದ್ದು ಎರಡೇ ಪ್ರಶ್ನೆ. ರಾತ್ರಿ ಎಷ್ಟು ಚಪಾತಿ? "ಐದು" ಅಂದರು ಅಪ್ಪ, ಹೆಮ್ಮೆಯಿಂದಲೇ. ಒಂದು ಚಪಾತಿಗೆ ಎಷ್ಟು ಹಿಟ್ಟು? ಅಪ್ಪ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಮನೆಗೆ ಬಂದು ಅವ್ವನನ್ನು ಕೇಳಿದರೆ ಆಕೆಗೆ ತೂಕ ಗೊತ್ತಿಲ್ಲ, ಆದರೆ ಲೆಕ್ಕ ಗೊತ್ತು. "ಒಂದ ಕಿಲೋಕ್ಕ ಇಪ್ಪತ್ತ ಆಗ್ತಾವ" ಅಂದಳು. ಅಲ್ಲಿಗೆ ಒಂದಕ್ಕೆ 50 ಗ್ರಾಂ. ನಮ್ಮ ಮನೆಯದು ಪದರಿನ ಚಪಾತಿ, ಮಡಿಕೆ ಮಡಿಕೆಗೂ ಎಣ್ಣೆ. ಫೋನ್ ತೆಗೆದು ಲೆಕ್ಕ ಹಾಕುತ್ತಾ ಕೂತೆ. ಗೋಧಿ ಹಿಟ್ಟಿನಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಕಾರ್ಬೋಹೈಡ್ರೇಟೇ. ಒಂದು ಚಪಾತಿಗೆ 32 ಗ್ರಾಂ ಹಿಡಿದರೂ ಐದಕ್ಕೆ 160. ಮೊದಲು ಅಪ್ಪ ತಿನ್ನುತ್ತಿದ್ದದ್ದು ಎರಡು ಚಪಾತಿ, ಆಮೇಲೆ ಸಣ್ಣ ಬಟ್ಟಲಿನಷ್ಟು ಅನ್ನ-ಸಾರು. ಅಂಥ ಒಂದು ಬಟ್ಟಲು ಅನ್ನದಲ್ಲಿ ಇರುವುದು ಸುಮಾರು 40 ಗ್ರಾಂ. ಎಲ್ಲ ಸೇರಿ ನೂರೈದರ ಹತ್ತಿರ. ಅಂದರೆ ಅನ್ನ ಬಿಡಿಸಿ ನಾನು ಅಪ್ಪನ ತಟ್ಟೆಯಲ್ಲಿ ಪಿಷ್ಟ ಒಂದೂವರೆ ಪಟ್ಟು ಮಾಡಿದ್ದೆ!

ಹಾಗಾದರೆ ಗೋಧಿ ಒಳ್ಳೇದು ಅನ್ನೋದು ಸುಳ್ಳಾ? ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಗೋಧಿ ಹಿಟ್ಟಿಗೆ ಸುಮಾರು 11 ಗ್ರಾಂ ನಾರಿದೆ. ಮೈದಾ ಮತ್ತು ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಪ್ರೋಟೀನೂ ಹತ್ತು ಗ್ರಾಂ ದಾಟುತ್ತದೆ. ಗೋಧಿಯ ನಾರು, ಬಿ ವಿಟಮಿನ್, ಕಬ್ಬಿಣ, ಸತು ಇವೆಲ್ಲ ಹೆಚ್ಚಾಗಿ ಇರುವುದು ಕಾಳಿನ ಹೊರಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಆ ಹೊರಪದರವೇ ತೌಡು.

ಇದನ್ನು ಓದುತ್ತಿರುವಾಗಲೇ ಅವ್ವ ಅಡುಗೆಮನೆಯಲ್ಲಿ ಸಾಣಿಗೆ ಹಿಡಿದು ಹಿಟ್ಟು ಸಾಣಿಸುತ್ತಿದ್ದಳು. ನಾನು ಹುಟ್ಟಿದಾಗಿನಿಂದ ನೋಡಿದ ದೃಶ್ಯ. ಗಿರಣಿಯಿಂದ ಬಂದ ಹಿಟ್ಟು ಸಾಣಿಗೆ ದಾಟಿ ಮೆತ್ತಗೆ ಪರಾತದಲ್ಲಿ ಬೀಳುತ್ತದೆ, ಮೇಲುಳಿದ ಕಂದು ತೌಡು ಡಬ್ಬಿಗೆ. ಡಬ್ಬಿ ತುಂಬಿದರೆ ಪಕ್ಕದ ಮನೆಯ ಎಮ್ಮೆಗೆ. ಸಾಣಿಸಿದ ಮಾತ್ರಕ್ಕೆ ಗೋಧಿ ಹಿಟ್ಟು ಮೈದಾ ಆಗುವುದಿಲ್ಲ ನಿಜ, ಆದರೂ ಇಷ್ಟು ವರ್ಷ ಗೋಧಿಯ ಒಳ್ಳೇ ಪಾಲೊಂದನ್ನು ಆ ಎಮ್ಮೆ ತಿಂದಿತ್ತು.

"ಅವ್ವಾ, ಇನ್ನಮ್ಯಾಲ ಸಾಣಿಸಬ್ಯಾಡ" ಅಂದೆ.

"ತೌಡ ತಿನ್ನಾಕ ನಾವೇನ ಎಮ್ಮಿ ಏನ?"

ಅವಳ ಸಿಟ್ಟು ಅರ್ಥವಾಗದ್ದಲ್ಲ. ಬಿಳಿ, ಮೆತ್ತಗಿನ ಚಪಾತಿ ಅಂದರೆ ಅವಳಿಗೆ ಮರ್ಯಾದೆಯ ವಿಷಯ. ಮರುದಿನ ಹಟಕ್ಕೆ ಬಿದ್ದು ನಾನೇ ಸಾಣಿಸದ ಹಿಟ್ಟು ಕಲಸಿ ಮಾಡಿದೆ. ಅಪ್ಪ ಒಂದು ತುತ್ತು ಅಗಿದು, ನೀರು ಕುಡಿದು, ಇನ್ನೊಂದು ತುತ್ತು ಅಗಿದರು. ಅವ್ವ ಏನೂ ಅನ್ನಲಿಲ್ಲ, ಅವಳ ಮುಖವೇ ಎಲ್ಲ ಅಂದಿತು.

ಅದನ್ನು ಸರಿ ಮಾಡಿದ್ದೂ ಅವಳೇ. ಎರಡು ದಿನ ನೋಡಿ, "ನೀರ ಕಮ್ಮಿ ಆಗೇದ" ಅಂದಳು. ತೌಡು ನೀರು ಕುಡಿಯುತ್ತದೆ, ಅದೂ ನಿಧಾನಕ್ಕೆ. ಮಾಮೂಲಿಗಿಂತ ಸಡಿಲ ಕಲಸಿ, ಮುಚ್ಚಿ ಅರ್ಧ ಗಂಟೆ ಇಟ್ಟರೆ ಹಿಟ್ಟು ತಾನೇ ಬಿಗಿಯಾಗುತ್ತದೆ, ಲಟ್ಟಿಸುವಾಗ ಅಂಚು ಹರಿಯುವುದಿಲ್ಲ. ತವಾ ಚೆನ್ನಾಗಿ ಕಾದಿದ್ದರೆ ಒಳಗಿನ ನೀರು ಆವಿಯಾಗಿ ಚಪಾತಿ ಉಬ್ಬುತ್ತದೆ. ಆಫೀಸಿಂದ ಬಂದು ಐದು ನಿಮಿಷದಲ್ಲಿ ಕಲಸಿ ತಕ್ಷಣ ಲಟ್ಟಿಸುವ ನಮ್ಮಂಥವರ ಚಪಾತಿ ಹಪ್ಪಳ ಆಗುವುದು ಯಾಕೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಈಗ ಮನೆಗೆ ಬಂದ ತಕ್ಷಣ ಹಿಟ್ಟು ಕಲಸಿಟ್ಟು ಆಮೇಲೆ ಮುಖ ತೊಳೆಯುತ್ತೇನೆ.

ಬೆಂಗಳೂರಿನ ನನ್ನ ಅಡುಗೆಮನೆಯಲ್ಲೂ ತನಿಖೆ ನಡೆಯಿತು. ದುಬಾರಿ ಬೆಲೆಗೆ ತಂದಿದ್ದ ಮಲ್ಟಿಗ್ರೇನ್ ಪ್ಯಾಕೆಟ್ಟಿನ ಹಿಂಬದಿ ಓದಿದರೆ ಹತ್ತರಲ್ಲಿ ಒಂಬತ್ತು ಪಾಲು ಗೋಧಿಯೇ, ಮಿಕ್ಕ ಧಾನ್ಯಗಳೆಲ್ಲ ಬಂದುಹೋದ ನೆಂಟರಂತೆ. ನೀವೂ ಒಮ್ಮೆ ತಿರುಗಿಸಿ ಓದಿ. ಈಗ ಎರಡು ಕೆಜಿ ಗೋಧಿಯನ್ನು ಏರಿಯಾದ ಫ್ಲೋರ್ ಮಿಲ್‌ನಲ್ಲಿ ಬೀಸಿಸುತ್ತೇನೆ, ಬೇಕಾದರೆ ಒಂದು ಹಿಡಿ ಕಡಲೆಹಿಟ್ಟು ನಾನೇ ಬೆರೆಸುತ್ತೇನೆ. ಆಫರ್ ಇದೆ ಅಂತ ಹತ್ತು ಕೆಜಿ ತರಬೇಡಿ. ಇಡೀ ಗೋಧಿಯ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ನಾನು ಒಮ್ಮೆ ಅರ್ಧ ಚೀಲ ಎಸೆದಿದ್ದೇನೆ.

ಡಯಟಿಷಿಯನ್ ಅಪ್ಪನಿಗೆ ಕೊಟ್ಟ ಪಟ್ಟಿ ದೊಡ್ಡದೇನಲ್ಲ. ರಾತ್ರಿ ಸಣ್ಣದಾಗಿ ಲಟ್ಟಿಸಿದ ಎರಡು ಚಪಾತಿ, ಬಟ್ಟಲು ತುಂಬ ಪಲ್ಯ, ಮಡಕಿಕಾಳಿನ ಉಸಳಿ, ಮೊಸರು. ವಾರಕ್ಕೆ ಮೂರು ದಿನ ಜೋಳದ ರೊಟ್ಟಿ, ಅದೂ ಲೆಕ್ಕದಲ್ಲೇ. ಬೇಕಿದ್ದರೆ ಒಂದು ಚಪಾತಿ ಬಿಟ್ಟು ಅದರ ಬದಲು ನಾಲ್ಕು ಚಮಚ ಅನ್ನ. ಅನ್ನ ಅನ್ನೋ ಶಬ್ದ ಕೇಳಿ ಅಪ್ಪನ ಮುಖ ಅರಳಿದ್ದನ್ನು ನಾನು ಮರೆಯಲ್ಲ. ಆರು ತಿಂಗಳು ಸಾರನ್ನು ಬರೀ ಬಟ್ಟಲಿಗೆ ಹಾಕಿಕೊಂಡು ಕುಡಿದಿದ್ದರಂತೆ, ನನಗೆ ಹೇಳಿರಲಿಲ್ಲ.

ಮುಂದಿನ ರಿಪೋರ್ಟಿನಲ್ಲಿ 7.2 ಬಂತು. ಡಾಕ್ಟರು ಮಾತ್ರೆಯನ್ನೂ ಬದಲಿಸಿದ್ದರು, ಸಂಜೆ ವಾಕಿಂಗೂ ಶುರುವಾಗಿತ್ತು, ಹಾಗಾಗಿ ಎಲ್ಲ ಶ್ರೇಯ ತೌಡಿಗೆ ಕೊಡಲ್ಲ. ಫೋನಿನಲ್ಲಿ ಡಾಕ್ಟರಿಕೆ ಮಾಡುವುದನ್ನು ಮಾತ್ರ ನಾನು ಬಿಟ್ಟಿದ್ದೇನೆ.

ಕಳೆದ ದೀಪಾವಳಿಗೆ ಹೋದಾಗ ನೋಡಿದರೆ ಅವ್ವ ಮತ್ತೆ ಸಾಣಿಗೆ ಹಿಡಿದಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಹುಳ ನೋಡಾಕತ್ತೇನಿ" ಅಂದು, ಉಳಿದ ತೌಡನ್ನು ವಾಪಸ್ ಹಿಟ್ಟಿಗೇ ಸುರಿದಳು. ಪಕ್ಕದ ಮನೆಯವರು ಕೇಳಿದ್ದರಂತೆ, ಏನಕ್ಕಾ, ಈಗೀಗ ತೌಡ ಕಳಸವಲ್ರಿ ಅಂತ.

"ನಮ್ಮ ಮನ್ಯಾಗ ತಿನ್ನಾವ್ರ ಅದಾರ" ಅಂದಳಂತೆ ಅವ್ವ.