ದೀಮ

ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಯಲ್ಲಿ ‘ದೀಮ’ ಎಂಬ ಮಾತೊಂದು ಬರುತ್ತದೆ. ಕಾಡಿನ ಮೃಗವನ್ನು ಬಳಿಗೆ ಸೆಳೆಯಲು ಬೇಟೆಗಾರ ಮುಂದೆ ಬಿಡುವ ಪಳಗಿದ ಮೃಗಕ್ಕೆ ಆ ಹೆಸರು. ಈ ಅರ್ಥವನ್ನು ವರ್ಷವರ್ಷವೂ ಹೇಳಿಕೊಂಡು ಬಂದಿದ್ದೇನೆ. ಯಾರೂ ತಕರಾರು ಮಾಡಿದ್ದಿಲ್ಲ. ಈ ಸಲ ದೊಡ್ಡಬಳ್ಳಾಪುರದ ಕಡೆಯ ಹುಡುಗನೊಬ್ಬ ಎದ್ದು, “ನಂಬಿ ಬಂದ ಜಿಂಕೆಯನ್ನು ಮರೆಯಲ್ಲಿ ಕೂತು ಹೊಡೆಯುವುದು ಮೋಸವಲ್ಲವೆ, ಸಾರ್?” ಎಂದ.

ನಾನು ವಾಲ್ಮೀಕಿಯ ಮೊರೆಹೊಕ್ಕೆ. ವಾಲಿಗೆ ರಾಮ ಕೊಟ್ಟ ಸಮಾಧಾನಗಳಲ್ಲಿ ಇದೂ ಒಂದು: ಮೃಗಗಳನ್ನು ಜನ ಎದುರಿಗೂ ಹೊಡೆಯುತ್ತಾರೆ, ಅಡಗಿಯೂ ಹೊಡೆಯುತ್ತಾರೆ; ಅದರಲ್ಲಿ ದೋಷವಿಲ್ಲ.

“ವಾಲಿ ಒಪ್ಪಿದನೆ?”

“ಒಪ್ಪಿದ.”

“ಬಾಣ ನೆಟ್ಟ ಮೇಲೆ ತಾನೆ, ಸಾರ್?”

ಗಂಟೆ ಹೊಡೆದು ನನ್ನನ್ನು ಕಾಪಾಡಿತು.

ಹುಡುಗನ ತಾತ ಪ್ರಾಯದಲ್ಲಿ ಬಿಲ್ಲು ಹಿಡಿದವರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಹಿಂದಿನ ಮಾತು. ಒಂದು ಭಾನುವಾರ ಅವರ ಜಗಲಿಯಲ್ಲಿ ಶಿಷ್ಯನಾಗಿ ಕುಳಿತೆ.

“ಗಾಳಿ ನಮ್ಮ ಮಕಕ್ಕೆ ಬಡೀಬೇಕು. ಪೊದೆ ಹಿಂದೆ ಕೂತೋನು ದಡ್ಡ. ಮುಂದೆ, ಅದರ ನೆಳ್ಳಾಗೆ ಕೂತ್ಕೋಬೇಕು. ಅದು ತಲೆ ಬಗ್ಗಿಸಿದಾಗ ನೀನು ಅಲ್ಲಾಡು, ಎತ್ತಿದಾಗ ಕಲ್ಲಾಗು. ಕೋವಿಯೋನು ದೂರದಿಂದ ಹೊಡೀತಾನೆ. ಬಿಲ್ಲಿನೋನು ಹತ್ರ ಹೋಗ್ಬೇಕು. ಹತ್ರ ಹೋದ್ಮೇಲೆ ಕೈ ಎಳೀಬೇಕು. ಅಲ್ಲೇ ಕೆಡೋದು.”

“ಪೊದೆಯೇ ಇಲ್ಲದ ಬಯಲಿನಲ್ಲಿ?”

“ಎತ್ತಿನ ಮರೆ,” ಎಂದರು. ಮೇಯುತ್ತ ಓರೆಯಾಗಿ ಸಾಗುವ ಎತ್ತಿನ ಪಕ್ಕದಲ್ಲಿ ಬಗ್ಗಿ ನಡೆಯುವುದು.

ಮುಂದಿನ ವಾರ ಗೌರಿಬಿದನೂರು ದಾಟಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋದೆ. ಅಲ್ಲಿನ ಜಯಮಂಗಲಿ ಹುಲ್ಲುಗಾವಲು ಕೃಷ್ಣಮೃಗಗಳ ಬೀಡು. ಅದರಾಚೆಯ ಹೊಲದಂಚಿನಲ್ಲಿ, ಜಾಲಿಯ ನೆರಳಿನಲ್ಲಿ, ಗಾಳಿಗೆ ಮುಖ ಕೊಟ್ಟು ಕುಳಿತೆ. ಕೈಯಲ್ಲಿ ಬಿಲ್ಲಿಲ್ಲ, ಮನಸ್ಸಿನಲ್ಲಿ ಮಾತ್ರ ನಾನು ಅರ್ಜುನ.

ಐದು ನಿಮಿಷಕ್ಕೆ ಮೂಗು ಕೆರೆಯಿತು, ಹತ್ತಕ್ಕೆ ಕಾಲು ಜೋಮು ಹಿಡಿಯಿತು. ಇರುವೆಯೊಂದು ಬೆನ್ನೇರಿತು. ಕೊಂಚ ಮಿಸುಕಿದೆ. ಅಷ್ಟು ದೂರದ ಹಿಂಡು ಒಟ್ಟಿಗೆ ತಲೆಯೆತ್ತಿ ನನ್ನತ್ತಲೇ ನೋಡಿತು. ಕಣ್ಣನ್ನೇ ನಂಬಿ ಬಯಲಲ್ಲಿ ಬಾಳುವ ಪ್ರಾಣಿ. ನನ್ನಂಥವನ ಮರೆಗೆ ಮರುಳಾದೀತೆ?

ಆಗ ಕುರುಬರ ಹುಡುಗನೊಬ್ಬ ಕೂಗುತ್ತ, ಶಿಳ್ಳೆ ಹಾಕುತ್ತ, ಕುರಿಗಳೊಡನೆ ಹಿಂಡಿನ ಪಕ್ಕದಲ್ಲೇ ನಡೆದು ಬಂದ. ಒಂದು ಗಂಡು ಕೊಂಬೆತ್ತಿ ನೋಡಿ ಮತ್ತೆ ಮೇಯತೊಡಗಿತು.

“ನಿನಗೆ ಅವು ಹೆದರುವುದಿಲ್ಲವೇನೋ?”

“ದಿನಾ ಬತ್ತೀನಲ್ಲ. ನೀವು ಬಚ್ಚಿಟ್ಕಂಡಿದ್ರಿ, ಅದಕ್ಕೇ ನೋಡಿದ್ವು,” ಎಂದು ನಕ್ಕ.

ಹಿಂದಿರುಗುವಾಗ ಬಸ್ಸಿನಲ್ಲಿ ತಾತನ ಎತ್ತು ನೆನಪಾಯಿತು. ಅದರ ಮೈ ದೊಡ್ಡದೆಂದಷ್ಟೇ ಬೇಟೆಗಾರ ಅದನ್ನು ಆರಿಸಲಿಲ್ಲ; ದಿನವೂ ಮೇಯಲು ಬರುವ ಎತ್ತೆಂದು ಜಿಂಕೆ ಅದನ್ನು ನಂಬಿತ್ತು. ಆ ನಂಬಿಕೆಯೇ ಅವನ ಮರೆ.

ಸೋಮವಾರ ತರಗತಿಗೆ ಹೋದವನೇ ಆ ಹುಡುಗನನ್ನು ಎಬ್ಬಿಸಿ, “ಮೋಸವೇ ಕಣಯ್ಯ,” ಎಂದೆ. ಅವನು ಪ್ರಶ್ನೆಯನ್ನೇ ಮರೆತಿದ್ದ.