ಆರು ಸೆಲ್ಲಿನ ಸದ್ದು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಗ ಒಂದು ಗಿಟಾರ್ ಮಾಡಿದ. ಅಂಗಡಿಯಿಂದ ಕೊಂಡದ್ದಲ್ಲ, ತಾನೇ ಕೈಯಾರೆ ಮಾಡಿದ್ದು. ಅಜ್ಜಂಪುರದ ನಮ್ಮ ಹಳೆಯ ಮನೆಯ ಹಿಂಬಾಗಿಲಿಗೆ ಗೆದ್ದಲು ಹಿಡಿದು ಅದನ್ನು ಬದಲಾಯಿಸಬೇಕಾಗಿ ಬಂದಿತ್ತು. ಚೌಕಟ್ಟಿನಲ್ಲಿ ಗೆದ್ದಲು ಮುಟ್ಟದ ಸಾಗುವಾನಿಯ ಒಂದು ತುಂಡು ಉಳಿದಿತ್ತು. ಸೌದೆಗೆ ಹಾಕಬೇಕೆಂದಿದ್ದ ಅದನ್ನು ಮಗ ಬಡಗಿಯ ಬಳಿ ಹೊತ್ತುಕೊಂಡು ಹೋದ. ತಂತಿ, ಕೀಲಿ, ಮೆಟ್ಟುಗಳನ್ನು ಶಿವಮೊಗ್ಗದಿಂದ ತರಿಸಿದ. ಮೂರು ವಾರ ಮನೆಯೆಲ್ಲ ಮರದ ಪುಡಿ. ಕೊನೆಗೊಂದು ದಿನ ಆರು ತಂತಿ ಬಿಗಿದು ಮೀಟಿದ. ಪಕ್ಕದಲ್ಲಿ ಕೂತ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಇದು ಟೊಳ್ಳು ಗಿಟಾರ್ ಅಲ್ಲ ಅಪ್ಪ, ಗಟ್ಟಿ ಹಲಗೆ. ಇದಕ್ಕೆ ಹೊಟ್ಟೆಯಿಲ್ಲ. ಹೊಟ್ಟೆ ಹೊರಗಿಡಬೇಕು" ಎಂದ. ಅಂದರೆ ಒಂದು ಆಂಪ್ಲಿಫೈಯರ್ ಬೇಕು ಎಂದರ್ಥ.

ನಮ್ಮದು ಮೂರು ಊರಿನ ಸಂಸಾರ. ನಾನು, ನನ್ನ ಹೆಂಡತಿ ಕಡೂರಿನಲ್ಲಿ. ಮಗ ಓದುವುದು ತರೀಕೆರೆಯಲ್ಲಿ, ನನ್ನ ಅಕ್ಕನ ಮನೆಯಲ್ಲಿದ್ದುಕೊಂಡು. ನನ್ನ ತಂದೆ ಮಾತ್ರ ಹಳೆಯ ಮನೆ ಬಿಟ್ಟು ಬರಲೊಲ್ಲದೆ ಅಜ್ಜಂಪುರದಲ್ಲೇ ಇದ್ದಾರೆ. ತರೀಕೆರೆಗೆ ಶಿವಮೊಗ್ಗದ ರೈಲು, ಅಜ್ಜಂಪುರಕ್ಕೆ ಚಿಕ್ಕಜಾಜೂರಿನ ಕಡೆಯ ರೈಲು. ಎರಡೂ ದಾರಿ ಕವಲಾಗುವುದು ಬೀರೂರಿನಲ್ಲಿ. ಮಗ ಶನಿವಾರ ಒಂದು ಊರಿನಲ್ಲಿದ್ದರೆ ಸೋಮವಾರ ಇನ್ನೊಂದು ಊರಿನಲ್ಲಿ. ಹಾಗಾಗಿ ಅವನ ಆಂಪ್ ಬ್ಯಾಗಿನಲ್ಲಿ ಹಿಡಿಯಬೇಕು, ಕರೆಂಟು ಕೇಳಬಾರದು. ಹಳೆಯ ಮನೆಯಲ್ಲಿ ಮಳೆ ಬಂದರೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು.

ಇದನ್ನು ತಂದೆಯವರಿಗೆ ಹೇಳಿದಾಗ ಅವರ ಮುಖ ಅರಳಿತು. ಅವರು ಮೂವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಜಾತ್ರೆ, ಉರೂಸ್, ಮದುವೆ, ಚುನಾವಣೆ ಎಲ್ಲಕ್ಕೂ ಅವರದೇ ಕೊಳವೆ ಸ್ಪೀಕರ್. ಕರೆಂಟಿಲ್ಲದ ಹಳ್ಳಿಗಳಿಗೆ ಲಾರಿ ಬ್ಯಾಟರಿ ಹೊತ್ತು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು. ಕವ್ವಾಲಿಯವರ ಬುಲ್‌ಬುಲ್ ತರಂಗಕ್ಕೆ ಮೈಕು ಎಲ್ಲಿಡಬೇಕೆಂದು ಅವರಿಗೇ ಗೊತ್ತಿತ್ತು. ಟೈಪ್‌ರೈಟರಿನಂತೆ ಗುಂಡಿ ಒತ್ತಿ ನುಡಿಸುವ, ನಮ್ಮ ಕಡೆ 'ಬ್ಯಾಂಜೋ' ಎಂದೇ ಕರೆಯುವ ಆ ವಾದ್ಯದ ಮೂಲ ಜಪಾನಿನದು. 1912ರಲ್ಲಿ ನಗೋಯಾ ನಗರದಲ್ಲಿ ಹುಟ್ಟಿದ ತಾಯಿಶೋಗೊತೋ ಎಂಬ ವಾದ್ಯ ನಮ್ಮ ನಾಡಿಗೆ ಬಂದು ಬುಲ್‌ಬುಲ್ ಆಯಿತು.

ಆದರೆ ಅದೇ ಕೊಳವೆಗಳ ಪಕ್ಕದಲ್ಲಿ ಕೂತು ಕೂತು ತಂದೆಯವರ ಕಿವಿ ಮಂದವಾಗಿದೆ. ಹಕ್ಕಿಯ ದನಿ, ಫೋನಿನ ಗಂಟೆ ಕೇಳಿಸುವುದಿಲ್ಲ. ಹೆಂಗಸರು ಮಕ್ಕಳ ಮಾತು ಅರ್ಧ ಮಾತ್ರ.

ನಾನು ಮೊದಲು ತಂದದ್ದು ಅಂಗೈಯಗಲದ, ಚೌಕದ 9 ವೋಲ್ಟ್ ಬ್ಯಾಟರಿಯ ಒಂದು ಅಗ್ಗದ ಆಂಪ್. ಅದರ ಸ್ಪೀಕರ್ ಎರಡು ಇಂಚಿನದು. ಇಂಥ ಪುಟ್ಟ ಆಂಪ್‌ಗಳಲ್ಲಿ ಹಲವಕ್ಕೆ ಎಲ್‌ಎಂ386 ಎಂಬ ಎಂಟು ಕಾಲಿನ ಚಿಪ್ಪೇ ಜೀವಾಳ. ಮಗ ಮೀಟಿದ. ಸದ್ದೇನೋ ಬಂತು, ಆದರೆ ಡಬ್ಬಿಯೊಳಗೆ ಸೊಳ್ಳೆ ಕೂಗಿದಂತೆ. ತಪ್ಪು ಆಂಪಿನದು ಮಾತ್ರವಲ್ಲವೆಂದು ಆಮೇಲೆ ತಿಳಿಯಿತು. ಮಗ ಹಲಗೆಗೆ ಅಂಟಿಸಿದ್ದು ಪೀಜೋ ಬಿಲ್ಲೆ. ಅದುರಿದರೆ ವಿದ್ಯುತ್ ಹುಟ್ಟಿಸುವ ಹಿತ್ತಾಳೆಯ ತೆಳು ಬಿಲ್ಲೆ ಅದು. ಅದರ ದನಿ ಪೂರ್ತಿ ಒಳಗೆ ಬರಬೇಕಾದರೆ ಆಂಪಿನ ಬಾಗಿಲಿನಲ್ಲಿ ಸುಮಾರು ಹತ್ತು ಲಕ್ಷ ಓಂನಷ್ಟು ತಡೆ ಇರಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ತಗ್ಗಿನ ಸ್ವರಗಳೆಲ್ಲ ಸೋರಿಹೋಗಿ ಕೀಚಲು ಮಾತ್ರ ಉಳಿಯುತ್ತದೆ.

ಬ್ಯಾಟರಿಯೂ ಬೇಗ ಮುಗಿಯಿತು. ನಾನು ಜಾಣತನ ಮಾಡಲು ಹೋಗಿ ಹಳೆಯ ಟಿ.ವಿ. ಪೆಟ್ಟಿಗೆಯ ಅಡಾಪ್ಟರ್ ಸಿಕ್ಕಿಸಿದೆ. ಗಿಟಾರಿನ ಸಾಮಾನುಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಉಳಿದ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಅದು ತಿರುಗುಮುರುಗು. ಕ್ಷಣದಲ್ಲಿ ಸುಟ್ಟ ವಾಸನೆ. ಮಗ ಏನೂ ಅನ್ನಲಿಲ್ಲ. ತಂದೆಯವರು ಮಾತ್ರ, "ಬ್ಯಾಟರಿ ಸಾಮಾನಿಗೆ ಕರೆಂಟು ಯಾಕೆ ಹಾಕಿದೆಯಪ್ಪಾ?" ಎಂದು ನಕ್ಕರು.

ಎರಡನೆಯ ಸಲ ಕೊಳ್ಳುವ ಮುನ್ನ ಮೂವರೂ ಕೂತು ಯೋಚಿಸಿದೆವು. ಮಗನಿಗೆ ಇಷ್ಟವಾಗಿದ್ದು ವಾಕ್ಸ್ ಕಂಪನಿಯ ಆಂಪ್‌ಪ್ಲಗ್. ಬೆಂಕಿಪೊಟ್ಟಣದಂಥದ್ದನ್ನು ನೇರ ಗಿಟಾರಿಗೆ ಸಿಕ್ಕಿಸಿ ಹೆಡ್‌ಫೋನಿನಲ್ಲಿ ಕೇಳುವುದು. ಸಣ್ಣ ಸೆಲ್ ಎರಡು ಸಾಕು. ಅಕ್ಕನ ಮನೆಯಲ್ಲಿ ಯಾರ ನಿದ್ದೆಯೂ ಕೆಡದು. ನನಗೂ ಅದೇ ಸರಿಯೆನಿಸಿತು.

ತಂದೆಯವರು ಅದನ್ನು ವಿವರವಾಗಿ ಕೇಳಿ ತಿಳಿದುಕೊಂಡರು. ಆಮೇಲೆ, "ಅದು ಅವನ ಕಿವಿಗೆ ಮಾತ್ರ. ನನಗೆ ಕೇಳಿಸುವಂಥದ್ದು ಇಲ್ಲವೇ?" ಎಂದರು.

ಇಬ್ಬರಿಗೂ ಏನೂ ಹೇಳಲು ತೋಚಲಿಲ್ಲ. ಆ ಹಲಗೆ ಅವರ ಮನೆಯ ಬಾಗಿಲು. ಐವತ್ತು ವರ್ಷ ಅವರು ತೆರೆದು ಮುಚ್ಚಿದ ಬಾಗಿಲು.

ಅಂದಿನಿಂದ ನಮ್ಮ ಲೆಕ್ಕವೇ ಬದಲಾಯಿತು. ಹೆಚ್ಚು ವ್ಯಾಟ್ ತಂದರೆ ಆಯಿತೆಂದು ನಾನಂದುಕೊಂಡಿದ್ದೆ. ತಂದೆಯವರೇ ತಿದ್ದಿದರು. ಕಿವಿಗೆ ಸದ್ದು ಎರಡು ಪಟ್ಟಾಗಿ ಕೇಳಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಒಂದು ಕೋಣೆಗೆ ಒಂದೆರಡು ವ್ಯಾಟ್ ಧಾರಾಳ. ವಯಸ್ಸಿನಿಂದಲೋ ಗದ್ದಲದಿಂದಲೋ ಕಿವಿ ಮಂದವಾಗುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಏರುಸ್ವರಗಳು, ತಗ್ಗಿನ ಸ್ವರಗಳು ಹೆಚ್ಚು ಕಾಲ ಉಳಿಯುತ್ತವೆ. ಗಿಟಾರಿನ ದಪ್ಪ ತಂತಿ ಅದುರುವುದು ಸೆಕೆಂಡಿಗೆ ಸುಮಾರು 82 ಸಲ. ಎರಡು ಇಂಚಿನ ಸ್ಪೀಕರಿಗೆ ಆ ದನಿಯನ್ನು ಎತ್ತಿ ಕೊಡಲಾಗದು. ಹಾಗಾದರೆ ನಾವು ನೋಡಬೇಕಾದ್ದು ವ್ಯಾಟನ್ನಲ್ಲ, ಸ್ಪೀಕರಿನ ಅಗಲವನ್ನು, ಪೆಟ್ಟಿಗೆಯ ಗಾತ್ರವನ್ನು.

ಬ್ಯಾಟರಿಯ ಲೆಕ್ಕವೂ ಅದಕ್ಕೇ ಹೊಂದಿತು. ಚೌಕದ 9 ವೋಲ್ಟ್ ಬ್ಯಾಟರಿಯ ಹೊಟ್ಟೆಯಲ್ಲಿರುವುದೂ ಆರು ಪುಟ್ಟ ಸೆಲ್‌ಗಳೇ. ಅದರ ಬದಲು ಮಾಮೂಲಿ ಪೆನ್ಸಿಲ್ ಸೆಲ್ ಆರು ಹಾಕಿದರೂ ಬರುವುದು ಅದೇ 9 ವೋಲ್ಟ್, ಬಾಳಿಕೆ ಮಾತ್ರ ನಾಲ್ಕೈದು ಪಟ್ಟು. ಇನ್ನೊಂದು ಲಾಭ, ಬ್ಯಾಟರಿಯಲ್ಲಿ ಓಡುವಾಗ ಅಡಾಪ್ಟರಿನಿಂದ ಬರುವ ಗುಂಯ್‌ಗುಟ್ಟುವಿಕೆ ಇರುವುದಿಲ್ಲ.

ಈ ನಡುವೆ ಮಗ ಒಂದು ಕಥೆ ಹೇಳಿದ. ಇಂಗ್ಲೆಂಡಿನ ಬ್ರಿಯಾನ್ ಮೇ ಎಂಬ ಹುಡುಗ 1963ರಲ್ಲಿ ತನ್ನ ತಂದೆಯ ಜೊತೆ ಮನೆಯಲ್ಲೇ ಗಿಟಾರ್ ಮಾಡತೊಡಗಿದ. ಹಳೆಯ ಬೆಂಕಿಗೂಡಿನ ಮರ ಅದರ ಕುತ್ತಿಗೆಯಾಯಿತು. ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು, ಹೆಣಿಗೆ ಕಡ್ಡಿಯ ತುದಿ ಕೂಡ ಅದರಲ್ಲಿ ಸೇರಿದವು. ಮುಂದೆ ಅವನ ಕ್ವೀನ್ ತಂಡದ ಜಾನ್ ಡೀಕನ್, 1970ರ ದಶಕದ ಆರಂಭದಲ್ಲಿ ಕಸದ ತೊಟ್ಟಿಯಲ್ಲಿ ಸಿಕ್ಕ ರೇಡಿಯೋ ಬೋರ್ಡನ್ನು ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆಯಲ್ಲಿಟ್ಟು 9 ವೋಲ್ಟ್ ಬ್ಯಾಟರಿಯ ಆಂಪ್ ಮಾಡಿದ. ಲೋಕವೆಲ್ಲ ಕೇಳಿದ ಅವರ ಧ್ವನಿಮುದ್ರಿಕೆಗಳಲ್ಲಿ ವಾದ್ಯಗೋಷ್ಠಿಯಂತೆ ಕೇಳುವ ಗಿಟಾರಿನ ಹಲವು ದನಿಗಳು ಬಂದದ್ದು ಆ ಪೆಟ್ಟಿಗೆಯಿಂದ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಹುಡುಗನಾಗಿ ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಯಲ್ಲಿ. ತಂದೆಯವರು ಎಲ್ಲ ಕೇಳಿ, "ಆ ಹುಡುಗನ ಅಪ್ಪನಿಗೆ ಕಿವಿ ಚೆನ್ನಾಗಿತ್ತೋ?" ಎಂದು ಮಾತ್ರ ಕೇಳಿದರು.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ಬಳಸಿ ಮಾರುತ್ತಿದ್ದ ರೋಲ್ಯಾಂಡ್ ಮೈಕ್ರೋ ಕ್ಯೂಬ್ ತಂದೆವು. ಮೊದಲ ಮಾದರಿಯದು. ಎರಡು ವ್ಯಾಟ್, ಐದು ಇಂಚಿನ ಸ್ಪೀಕರ್, ಆರು ಪೆನ್ಸಿಲ್ ಸೆಲ್. ಭುಜಕ್ಕೆ ನೇತುಹಾಕಲು ಪಟ್ಟಿಯೂ ಇದೆ. ಹೆಡ್‌ಫೋನಿನ ತೂತೂ ಇರುವುದರಿಂದ ಅಕ್ಕನ ಮನೆಗೂ ಆಯಿತು.

ಅಜ್ಜಂಪುರಕ್ಕೆ ಒಯ್ದ ದಿನ ಸಂಜೆ ಮಳೆ. ಎಂದಿನಂತೆ ಕರೆಂಟು ಹೋಯಿತು. ಆಂಪನ್ನು ತಂದೆಯವರ ಮಂಚದ ಮೇಲೆ, ಅವರ ಪಕ್ಕದಲ್ಲೇ ಇಟ್ಟೆವು. ಉತ್ಸಾಹದಲ್ಲಿ ಮಗ ದನಿಯನ್ನು ಪೂರ್ತಿ ಏರಿಸಿದ. ತಂದೆಯವರು ಕೈಚಾಚಿ ತಿರುಪನ್ನು ಅರ್ಧಕ್ಕಿಳಿಸಿದರು. "ದೂರದವರಿಗೆ ಕೇಳಿಸುವುದು ನನ್ನ ಕಸುಬಾಗಿತ್ತು. ನಾವು ಇಲ್ಲೇ ಇದ್ದೇವಲ್ಲ" ಎಂದರು. ಆಮೇಲೆ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಕೂತರು. ಕಿವಿಯಲ್ಲಿ ಎಷ್ಟು ಕೇಳಿದರೋ, ಅಂಗೈಯಲ್ಲಿ ಎಷ್ಟು ಕೇಳಿದರೋ, ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, "ದಪ್ಪ ತಂತಿ ಇಳಿದಿದೆ, ಬಿಗಿ ಮಾಡು" ಎಂದರು. ಮಗ ಫೋನಿನಲ್ಲಿ ಪರೀಕ್ಷಿಸಿದ. ನಿಜವಾಗಿಯೂ ಇಳಿದಿತ್ತು.

ನುಡಿಸಿ ಮುಗಿದ ಮೇಲೆ ಅವರೇ ಪೆಟ್ಟಿಗೆ ಬಿಚ್ಚಿ ಆರೂ ಸೆಲ್ ಹೊರತೆಗೆದರು. ಬಳಸದಾಗ ಒಳಗೇ ಬಿಟ್ಟರೆ ಸೋರಿ ಒಳಭಾಗವನ್ನು ತಿನ್ನುತ್ತದೆ ಎಂಬುದು ಮೈಕ್ ಸೆಟ್ ಕಾಲದ ಪಾಠ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮಗನ ಕೈಗೆ ಕೊಟ್ಟು, "ಬರುವ ಶನಿವಾರ ಮರೆಯದೆ ತಾ" ಎಂದರು.