ಹುಣಸೆ ಮರದ ಮೇಲಿನ ಮನೆ

ಕಳೆದ ಜುಲೈನಲ್ಲಿ ಮನೆಯವರೆಲ್ಲ ಊಟಿಗೆ ಹೊರಟಿದ್ದೆವು. ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಯ ಬದಿಯಲ್ಲೆಲ್ಲ ಸೂರ್ಯಕಾಂತಿ ಹೊಲಗಳು. ಹಣ ಕೊಟ್ಟು ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುವವರ ಗುಂಪು. ಅದರ ಹಿಂದೆ ಮುಸುಕಿನ ಜೋಳದ ಹೊಲ. ಅಲ್ಲಿನ ಹುಣಸೆ ಮರದ ಮೇಲೆ ಬಿದಿರಿನ ಪುಟ್ಟ ಮನೆಯೊಂದು ಕಂಡಿತು. ತಮ್ಮ ಹತ್ತಲೇಬೇಕೆಂದು ಹಟ ಹಿಡಿದ.

"ಒಬ್ಬರಿಗೆ 20 ರೂಪಾಯಿ" ಎಂದರು ಹೊಲದ ತಾತ.

"ಏಣಿ ಹತ್ತೋಕೆ ಇಪ್ಪತ್ತಾ? ಹತ್ತು ಮಾಡಿ ತಾತ" ಎಂದು ಚೌಕಾಸಿಗಿಳಿದೆ.

ಅವರು ನಕ್ಕರು. "ಹತ್ತಿ ನೋಡವ್ವ, ಆಮೇಲೆ ಕೊಡು."

ಮೇಲೆ ಗೋಣಿಚೀಲದ ಹಾಸು, ಒಂದು ಕಂಬಳಿ, ದೊಡ್ಡ ಟಾರ್ಚು, ಪಟಾಕಿ ಪೊಟ್ಟಣ. ಅದು ಆಟದ ಮನೆಯಲ್ಲ, ಆನೆ ಕಾಯುವ ಅಟ್ಟಣೆ. ಜೋಳ ತೆನೆ ಕಟ್ಟಿದಾಗಿನಿಂದ ತಾತನ ರಾತ್ರಿಗಳೆಲ್ಲ ಅಲ್ಲೇ. "ಹೋದ ವರ್ಷ ಒಂದು ರಾತ್ರಿ ಜ್ವರ ಅಂತ ಮನೇಲಿ ಮಲಗಿದೆ. ಬೆಳಿಗ್ಗೆ ಬಂದರೆ ಅರ್ಧ ಹೊಲ ಇರಲಿಲ್ಲ" ಎಂದರು.

ಅಕೌಂಟೆನ್ಸಿ ತರಗತಿಯಲ್ಲಿ ಕೂಲಿ, ಬಾಡಿಗೆ ಎಲ್ಲವನ್ನೂ ಖರ್ಚಿಗೆ ಬರೆಯುತ್ತೇವೆ. ಮಾಲೀಕನೇ ನಿದ್ದೆಗೆಟ್ಟರೆ ಅದನ್ನು ಯಾವ ಖಾತೆಗೆ ಬರೆಯಬೇಕು? ಇಳಿದು ಬಂದು ಮೂವರಿಗೆ 60 ರೂಪಾಯಿ ಕೊಟ್ಟೆ. ಅವರ ಮುಖ ನೋಡಲು ನಾಚಿಕೆಯಾಯಿತು.

ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಬಂದ್. ಆ ಹೊತ್ತು ಪ್ರಾಣಿಗಳದು. ವಾಪಸ್ ಬರುವಾಗ ಗಡಿಬಿಡಿಯಲ್ಲಿ ಗೇಟು ದಾಟಿದೆವು. ಸ್ವಲ್ಪ ಮುಂದೆ, ಕತ್ತಲಲ್ಲಿ, ಆ ಮರದ ಮೇಲೆ ಟಾರ್ಚಿನ ಬೆಳಕು ಅತ್ತಿತ್ತ ಓಡಾಡುತ್ತಿತ್ತು. ಅಬ್ಬಾ ಗಾಡಿ ನಿಧಾನ ಮಾಡಿದರು. ತಮ್ಮನಿಗೆ ಆಗಲೇ ನಿದ್ದೆ ಹತ್ತಿತ್ತು. ನಾವು ಮನೆಗೆ ಹೋಗಿ ಮಲಗುವವರು. ತಾತನ ಕೆಲಸ ಈಗಷ್ಟೇ ಶುರುವಾಗಿತ್ತು.